ಬದುವಿನಾಚೆಯ ಮಳೆ

ಈ ವಾರ ವಿಜಯಪುರ ಸೀಮೆಯ ಫೋನುಗಳಲ್ಲಿ ‘ಹಲೋ’ ಆದಮೇಲೆ ಬರುವ ಮಾತು ಒಂದೇ: ‘ನಿಮ್ಮ ಕಡೆ ಮಳಿ ಆತೇನ್ರಿ?’ ಮಸೂತಿಯವರು ಸಿಂದಗಿಯ ಬೀಗರನ್ನು ಕೇಳುತ್ತಾರೆ, ಇಂಡಿಯವರು ಮುದ್ದೇಬಿಹಾಳಕ್ಕೆ ಕೊಟ್ಟ ಮಗಳನ್ನು ಕೇಳುತ್ತಾರೆ. ಆರಾಮ, ಮಕ್ಕಳ ಸಾಲಿ, ಲಗ್ನದ ಮಾತುಕತೆ ಎಲ್ಲ ಆಮೇಲೆ. ‘ಹ್ಞೂಂ, ನಿನ್ನೆ ರಾತ್ರಿ ಚಲೋ ಆತು’ ಎಂದು ಅತ್ತಲಿಂದ ಕೇಳಿದರೆ, ಒಣಗಿದ ಹೊಲದಲ್ಲಿ ನಿಂತವರಿಗೂ ಅಷ್ಟು ಸಮಾಧಾನ. ಅದರಲ್ಲಿ ಚೂರು ಹೊಟ್ಟೆಕಿಚ್ಚು ಬೆರೆತಿರುವುದಿಲ್ಲ ಎಂದೇನೂ ಅಲ್ಲ.

ಇದೇ ಮಾತು ಭಾನುವಾರ ಚರ್ಚಿನೊಳಗೂ ಬರುತ್ತದೆ.

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ ದಾಟಿ 1885ರಲ್ಲಿ ವಿಜಯಪುರದಲ್ಲಿ ನೆಲೆ ಮಾಡಿದರು. ಅಂದಿನಿಂದ ಈ ಸೀಮೆಯ ಕ್ರೈಸ್ತರು ದೇವರನ್ನು ಬೇಡುತ್ತಿರುವುದು ಅಚ್ಚ ಕನ್ನಡದಲ್ಲಿ. ಆರಾಧನೆಯ ನಡುವೆ ಪ್ರಾರ್ಥನೆಯ ಕೋರಿಕೆಗಳನ್ನು ಓದುವ ರೂಢಿ ಎಷ್ಟೋ ಸಭೆಗಳಲ್ಲಿದೆ. ನೋಟ್‌ಬುಕ್ಕಿನ ಹಾಳೆ ಹರಿದು ಬರೆದ ಚೀಟಿಗಳು. ಯಾರದೋ ತಾಯಿಗೆ ಆಪರೇಶನ್, ಯಾರದೋ ಮಗನಿಗೆ ಪರೀಕ್ಷೆ, ಇನ್ನಾರದೋ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು. ಬರೆದವರ ಹೆಸರು ಇದ್ದರೂ ಸರಿ, ಇಲ್ಲದಿದ್ದರೂ ಸರಿ; ಓದಿ ಮುಗಿಯುವಷ್ಟರಲ್ಲಿ ಕೂತವರೆಲ್ಲ ‘ಆಮೆನ್’ ಎಂದಿರುತ್ತಾರೆ. ಮುಖ ನೋಡದವರ ಆಪರೇಶನ್ನಿಗೂ ಒಂದು ಆಮೆನ್.

ಈ ಎಲ್ಲ ಕೋರಿಕೆಗಳ ನಡುವೆ ಮಳೆಯದ್ದೇ ಬೇರೆ ಬಗೆ. ಆರೋಗ್ಯ ಒಬ್ಬರಿಗೆ ಬೇಡಬಹುದು, ನೌಕರಿ ಒಬ್ಬರಿಗೆ ಬೇಡಬಹುದು. ಮಳೆಯನ್ನು ಒಬ್ಬರಿಗೇ ಬೇಡುವುದು ಹೇಗೆ?

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಜಿಲ್ಲೆ ಇದು. ಎರೆಭೂಮಿ ಒಮ್ಮೆ ಹಸಿ ಹಿಡಿದರೆ ಸಾಕು, ಹಿಂಗಾರಿನ ಬಿಳಿಜೋಳ ಆ ತೇವದಲ್ಲೇ ತೆನೆಗಟ್ಟುತ್ತದೆ. ಡೋಣಿ ಹೊಳೆಯ ದಂಡೆಯನ್ನು ಕುರಿತ ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಎಂಬ ಇಲ್ಲಿನ ಮಾತು ಕೂಡ ಒಬ್ಬನ ಕಣಜದ ಸುದ್ದಿ ಎತ್ತುವುದಿಲ್ಲ. ಮೊಳದುದ್ದ ಬದು ಒತ್ತರಿಸಿದ್ದಕ್ಕೆ ಪಕ್ಕದ ಹೊಲದವನ ಮೇಲೆ ಕೋರ್ಟಿನಲ್ಲಿ ದಾವೆ ಹೂಡಿ ತಾರೀಖಿಗೆ ಅಲೆಯುವ ಮನುಷ್ಯನನ್ನೇ ತೆಗೆದುಕೊಳ್ಳಿ. ಅವನು ಮೊಣಕಾಲೂರಿ ‘ಕರ್ತನೇ, ಮಳೆ ಕೊಡು’ ಎಂದರೆ ಎದುರುಪಾರ್ಟಿಯ ತೊಗರಿಗೂ ಕೇಳಿದ ಹಾಗೆಯೇ. ಬೇಕೆಂದೇ ಕೇಳಿರಲಿಕ್ಕಿಲ್ಲ. ಆದರೂ ಕೇಳಿಯಾಯಿತು.

ಯೇಸು ಬೆಟ್ಟದ ಮೇಲೆ ಹಿಂಸಿಸುವವರಿಗಾಗಿಯೂ ಪ್ರಾರ್ಥಿಸಿರಿ ಎಂದು ಹೇಳಿದ ಉಸಿರಿನಲ್ಲೇ ನೀತಿವಂತರ ಮೇಲೂ ಅನೀತಿವಂತರ ಮೇಲೂ ಸುರಿಯುವ ಮಳೆಯ ಮಾತು ತೆಗೆದದ್ದನ್ನು ಮತ್ತಾಯನು ಬರೆದಿಟ್ಟಿದ್ದಾನೆ. ಕೇಳುತ್ತ ಕೂತಿದ್ದವರೂ ಮಳೆ ನಂಬಿ ಬಿತ್ತುವ ನಾಡಿನವರು. ಶತ್ರುವಿಗಾಗಿ ಬೇಡಿಕೊಳ್ಳುವುದು ಸಂತರ ಪಾಲಿನ ದೊಡ್ಡ ಸಾಧನೆ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ಬಿತ್ತುವ ಹಂಗಾಮಿನಲ್ಲಿ ಅದನ್ನು ಅವರು ಹೇಗೂ ಮಾಡುತ್ತಿದ್ದರು.

ಊರೆಲ್ಲಕ್ಕೂ ಸೇರಿ ಮಳೆ ಬೇಡುವ ಪದ್ಧತಿ ಕ್ರೈಸ್ತರದ್ದು ಮಾತ್ರವಲ್ಲ. ತಲೆಯ ಮೇಲೆ ಹಂಚು, ಅದರ ಮೇಲೆ ಗುರ್ಜಿ ಎಂಬ ಮಣ್ಣಿನ ಮೂರ್ತಿ ಇಟ್ಟುಕೊಂಡು ಹುಡುಗರು ಮನೆಮನೆಗೆ ಬಂದರೆ ಕೊಡ ನೀರು ಸುರಿಯದ ಮನೆ ಇಲ್ಲ. ಮಳೆ ಕೈಕೊಟ್ಟ ವರ್ಷ ಈದ್ಗಾ ಮೈದಾನದಲ್ಲಿ ಮಳೆಗಾಗಿಯೇ ನಮಾಜು ನಡೆಯುತ್ತದೆ. ಕ್ರೈಸ್ತರಲ್ಲೂ ಇದು ಹಳೆಯದೇ. ಫ್ರಾನ್ಸಿನ ವಿಯೆನ್ ಪಟ್ಟಣದಲ್ಲಿ ಸುಮಾರು 470ರಲ್ಲಿ ಬಿಷಪ್ ಮಾಮೆರ್ತುಸ್, ಆಪತ್ತುಗಳಿಂದ ತತ್ತರಿಸಿದ ಜನರನ್ನು ಕೂಡಿಸಿ ಮೂರು ದಿನ ಉಪವಾಸದ ಮೆರವಣಿಗೆ ಮಾಡಿಸಿದ. ಮುಂದೆ ಅದು ಯೂರೋಪಿನ ಹಳ್ಳಿಗಳಲ್ಲಿ ಪಾದ್ರಿಗಳು ಹೊಲಗಳ ಸುತ್ತ ನಡೆದು ಬೆಳೆಗೆ ಆಶೀರ್ವಾದ ಬೇಡುವ ಪದ್ಧತಿಯಾಯಿತು. ಹೊಲದ ಯಜಮಾನ ಚರ್ಚಿಗೆ ಬರುತ್ತಾನೋ ಇಲ್ಲವೋ ಎಂದು ನೋಡಿಕೊಂಡು ಮೆರವಣಿಗೆ ದಾರಿ ಬಿಟ್ಟು ಸುತ್ತುವುದು ಸಾಧ್ಯವಿರಲಿಲ್ಲ.

ಕಥೋಲಿಕರ ಬಲಿಪೂಜೆಯಲ್ಲಿ ಎಲ್ಲರಿಗಾಗಿ ಮಾಡುವ ವಿಶ್ವಾಸಿಗಳ ಪ್ರಾರ್ಥನೆ ಎಷ್ಟೋ ಶತಮಾನ ಮರೆಯಾಗಿತ್ತು. 1963ರಲ್ಲಿ ವ್ಯಾಟಿಕನ್ ಮಹಾಸಭೆ ಅದನ್ನು ಮತ್ತೆ ತಂದಿತು. ಅದಕ್ಕೊಂದು ಸರದಿ ಇದೆ: ಮೊದಲು ಧರ್ಮಸಭೆ, ನಂತರ ಆಳುವವರು ಮತ್ತು ಲೋಕ, ಆಮೇಲೆ ಕಷ್ಟದಲ್ಲಿರುವವರು. ಸ್ವಂತ ಊರಿನವರದ್ದು ಕಡೆಯ ಪಾಳಿ.

ಸರದಿ ಕೇಳುವುದಕ್ಕೆ ಚೆಂದ. ಕೃಷ್ಣಾ ದಂಡೆಯಲ್ಲಿ ಅದನ್ನು ಪಾಲಿಸುವುದು ಅಷ್ಟು ಸಲೀಸಲ್ಲ. ಮುಳವಾಡ ಏತ ನೀರಾವರಿ ಬಂದ ಮೇಲೆ ಮಸೂತಿ ಕಡೆಯವರ ಕಣ್ಣು ಮೋಡದಷ್ಟೇ ಆಲಮಟ್ಟಿ ಅಣೆಕಟ್ಟಿನ ಮೇಲೂ ಇರುತ್ತದೆ. ಆಲಮಟ್ಟಿ ತುಂಬಬೇಕಾದರೆ ಮಹಾಬಳೇಶ್ವರದಲ್ಲಿ ಮಳೆ ಹೊಡೆಯಬೇಕು. ಅಲ್ಲಿ ಹೊಡೆದ ಮಳೆ 2019ರ ಆಗಸ್ಟಿನಲ್ಲಿ ಸಾಂಗ್ಲಿ ಪೇಟೆಯೊಳಗೆ ನುಗ್ಗಿತು. ಬೆಳಗಾವಿ, ಬಾಗಲಕೋಟೆಯ ನದಿಪಾತ್ರದ ಜನ ಗುಳೆ ಎದ್ದರು. ಮರುವರ್ಷ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿಯ ದಂಡೆಯ ಊರುಗಳ ಬೆಳೆ ಕೊಚ್ಚಿತು. ಜೂನಿನಲ್ಲಿ ಕೊಡು ಎಂದವರೇ ಅಕ್ಟೋಬರಿನಲ್ಲಿ ಸಾಕು ಎನ್ನಬೇಕಾಯಿತು.

ಆಲಮಟ್ಟಿಯಲ್ಲಿ ನೀರು ಹಿಡಿದಿಟ್ಟರೆ ತಮ್ಮೂರು ಮುಳುಗುತ್ತದೆ ಎಂಬುದು ಸಾಂಗ್ಲಿಯವರ ಹಳೆಯ ದೂರು. ಹಾಗೇನಿಲ್ಲ ಎಂಬುದು ಇತ್ತಲವರ ವಾದ. ವಾದ ಏನೇ ಇರಲಿ, ಸಾಂಗ್ಲಿ ಜಿಲ್ಲೆಯ ಮಿರಜ ಇಲ್ಲಿನವರಿಗೆ ಪರಸ್ಥಳವಲ್ಲ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಮಿಶನ್ ಆಸ್ಪತ್ರೆ ತೆರೆದಂದಿನಿಂದ ‘ಮಿರಜಕ್ಕೆ ಒಯ್ದಾರ’ ಎಂಬ ಮಾತು ಈ ಕಡೆ ಎಷ್ಟು ಮನೆಗಳಲ್ಲಿ ಕೇಳಿಲ್ಲ? ಇಂಥ ಒಂದು ನಂಟಿನ ಮೇಲೆಯೇ ಬೈಬಲ್ಲಿನಲ್ಲಿ ಅಬ್ರಹಾಮನು ಸೊದೋಮ್ ಊರಿಗಾಗಿ ದೇವರ ಮುಂದೆ ನಿಂತು ಐವತ್ತು ನೀತಿವಂತರಿಂದ ಹತ್ತಕ್ಕೆ ಇಳಿಸುವವರೆಗೆ ಚೌಕಾಸಿ ಮಾಡಿದ. ಅದು ಅವನ ಊರಲ್ಲ. ತಮ್ಮನ ಮಗ ಲೋಟ ಮಾತ್ರ ಅಲ್ಲಿದ್ದ. ಬೇಡಿಕೊಳ್ಳಲು ಅಷ್ಟು ನಂಟು ಸಾಕಾಯಿತು. ಊರು ಉಳಿಯಲಿಲ್ಲ ಎಂಬುದೂ ಅದೇ ಪುಸ್ತಕದಲ್ಲಿದೆ.

ಇತ್ತ ನೀರು ಬೇಕು, ಅತ್ತ ನೀರು ಇಳಿಯಬೇಕು. ಎರಡನ್ನೂ ಒಂದೇ ಪ್ರಾರ್ಥನೆಯಲ್ಲಿ ಹೇಗೆ ಸೇರಿಸುವುದು ಎಂದು ಸಭಾಪಾಲಕರು ತಡವರಿಸಿದರೆ ಅವರನ್ನು ದೂರುವಂತಿಲ್ಲ. ಆದರೆ ಸರದಿಯಲ್ಲಿ ಆಳುವವರದ್ದು ಎರಡನೆಯ ಪಾಳಿಯಲ್ಲವೇ? ರಾಜಧಾನಿಯಲ್ಲಿ ಕೂತವರಷ್ಟೇ ಆಳುವವರು ಎಂದುಕೊಳ್ಳಬೇಕಿಲ್ಲ. ಆಲಮಟ್ಟಿಗೆ 26 ಗೇಟುಗಳಿವೆ. ಒಳಹರಿವು ಏರುವ ರಾತ್ರಿ ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು ಎಂದು ಲೆಕ್ಕ ಹಾಕುತ್ತ ಪಾಳಿಯ ಮೇಲಿರುವ ಎಂಜಿನಿಯರನ ಕೈಯಲ್ಲಿ ಮೇಲಿನ ಊರೂ ಇದೆ, ಕೆಳಗಿನ ಊರೂ ಇದೆ. ಅವನಿಗೋಸ್ಕರ ಈ ಭಾನುವಾರ ಯಾರಾದರೂ ಒಂದು ಚೀಟಿ ಬರೆದು ಹಾಕಿದರೆ, ಓದುವುದಕ್ಕೆ ಅಡ್ಡಿಯೇನೂ ಇರಲಿಕ್ಕಿಲ್ಲ.