ಮೊದಲು ಮೈ, ಆಮೇಲೆ ಯಂತ್ರ



  ಶಾಲೆಯ ರೋಬೊಟಿಕ್ಸ್ ತರಗತಿಯ ಮೂಲಕ ಮಕ್ಕಳಿಗೆ ಅವರ ದೇಹದ ಪರಿಚಯ ಮಾಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಮುಂಬೈಯ ಸಯನ್‌ನಲ್ಲಿ ಸೇರಿರುವ ಶಿಕ್ಷಕರ, ತಾಯಿತಂದೆಯರ ಈ ಸಮಾವೇಶ ಎತ್ತಿಕೊಂಡಿದೆ. ಮಗು ಮೊದಲು ತನ್ನ ಮೈಯನ್ನು ಮುಟ್ಟಿ ನೋಡಲಿ, ಆಮೇಲೆ ಮೋಟಾರಿಗೆ ಕೈ ಹಾಕಲಿ ಎಂಬುದು ನನ್ನ ಉತ್ತರ. ಈ ಕ್ರಮ ಹಿಂದುಮುಂದಾದರೆ ಎಷ್ಟು ದುಬಾರಿ ಕಿಟ್ ತರಿಸಿದರೂ ಅದು ಕಪಾಟು ಸೇರುತ್ತದೆ.

ಹಣ ಬರುತ್ತಿಲ್ಲ ಎಂದು ಹೇಳುವಂತಿಲ್ಲ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾಯಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು, ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಪ್ರವೇಶ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50 ಸಾವಿರ ಲ್ಯಾಬ್ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಒಳ್ಳೆಯದೇ. ಆದರೆ ಎಷ್ಟೋ ಲ್ಯಾಬ್‌ಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ನೀವೂ ನೋಡಿದ್ದೀರಿ. ನೆಲದ ಮೇಲೆ ಕಪ್ಪು ಪಟ್ಟಿ, ಅದರ ಮೇಲೆ ಓಡುವ ಪುಟ್ಟ ಕಾರು, ಸುತ್ತ ನಿಂತು ಚಪ್ಪಾಳೆ. ಪಕ್ಕದ ಕೋಣೆಯಲ್ಲಿ ವಿಜ್ಞಾನದ ತರಗತಿ: ಗೋಡೆಗೆ ಅಸ್ಥಿಪಂಜರದ ಚಾರ್ಟು, 206 ಮೂಳೆ, 600ಕ್ಕೂ ಮಿಕ್ಕಿ ಸ್ನಾಯು, ಕಂಠಪಾಠ. ಎರಡು ಕೋಣೆಗಳ ನಡುವೆ ಇರುವುದು ಒಂದೇ ಗೋಡೆ, ಆದರೂ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ.

ಈಗ ಎಲ್ಲರೂ ಎಡಗೈಯಿಂದ ಬಲಗೈಯ ಮುಂಗೈಯನ್ನು ಮೊಣಕೈಯ ಕೆಳಗೆ ಗಟ್ಟಿಯಾಗಿ ಹಿಡಿದುಕೊಳ್ಳಿ. ಬಲಗೈ ಬೆರಳುಗಳನ್ನು ಮಡಚಿ, ಬಿಡಿ, ಮತ್ತೆ ಮಡಚಿ. ಹಿಡಿತದೊಳಗೆ ಮಾಂಸ ಸರಿದಾಡುವುದು ಗೊತ್ತಾಗುತ್ತದೆ. ಮಡಚಿದ್ದು ಬೆರಳು, ದುಡಿದದ್ದು ಮುಂಗೈ. ಬೆರಳನ್ನು ಬಲವಾಗಿ ಮಡಚುವ ಸ್ನಾಯುಗಳು ಬೆರಳಿನಲ್ಲಿಲ್ಲ. ಮುಂಗೈಯಲ್ಲಿದ್ದುಕೊಂಡು ಮಣಿಕಟ್ಟಿನ ಮೂಲಕ ಹಾಯುವ ಸ್ನಾಯುರಜ್ಜುಗಳನ್ನು ಎಳೆಯುತ್ತವೆ. ಇಷ್ಟನ್ನು ತನ್ನ ಮೈಯಲ್ಲೇ ಕಂಡುಕೊಂಡ ಮಗುವಿನ ಮುಂದೆ ರಟ್ಟು, ಸ್ಟ್ರಾ, ಟ್ವೈನ್ ದಾರ ಇಡಿ. ರಟ್ಟಿನ ಬೆರಳಿಗೆ ಮೂರು ಕಡೆ ಮಡಿಕೆ, ಅಂಗೈ ಬದಿಗೆ ಅಂಟಿಸಿದ ಸ್ಟ್ರಾ ತುಂಡುಗಳು, ಅವುಗಳೊಳಗೆ ದಾರ, ದಾರದ ಇನ್ನೊಂದು ತುದಿ ಮುಂಗೈಯಲ್ಲಿ ಕೂರಿಸಿದ ಸರ್ವೋ ಮೋಟಾರಿಗೆ. ಮೋಟಾರನ್ನು ಎಲ್ಲಿಡಬೇಕು ಎಂದು ಆ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕುಂದಾಪುರದ ಕಡೆಯವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನಿಮಗೆ ಹೊಸದಲ್ಲ. ಅಲ್ಲಿಯೂ ಗೊಂಬೆಯ ಕೈಕಾಲು ಆಡುವುದು ದಾರದ ಎಳೆತದಿಂದಲೇ. ಆದರೆ ಗೊಂಬೆಯ ಕೈ ಬೆಂಕಿಗೆ ತಾಗಿದರೆ ಆ ಸುದ್ದಿ ದಾರದಲ್ಲಿ ಹಿಂದಕ್ಕೆ ಬರುವುದಿಲ್ಲ. ಸೂತ್ರಧಾರ ಕಣ್ಣಿನಿಂದಲೇ ನೋಡಿ ತಿಳಿಯಬೇಕು. ದೇಹದಲ್ಲಿ ಅಪ್ಪಣೆ ಹೋಗುವುದಕ್ಕೆ ಒಂದು ದಾರಿ, ವರದಿ ಬರುವುದಕ್ಕೆ ಇನ್ನೊಂದು. ರಟ್ಟಿನ ಬೆರಳತುದಿಗೆ ಒತ್ತಡದ ಸೆನ್ಸರ್ ಒಂದನ್ನು ಅಂಟಿಸಿ, ಮೊಟ್ಟೆ ಹಿಡಿದಾಗ ಇಷ್ಟಕ್ಕೇ ನಿಲ್ಲು ಎಂದು ಪ್ರೋಗ್ರಾಂ ಬರೆದ ದಿನ ಮಗುವಿಗೆ ನರವ್ಯೂಹದ ಪಾಠ ಶುರುವಾಯಿತು ಎಂದು ತಿಳಿಯಿರಿ.

ಮೊಣಕೈ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸಿದ್ಧ ಕಿಟ್‌ಗಳು ಇಲ್ಲೇ ಮಕ್ಕಳನ್ನು ದಾರಿ ತಪ್ಪಿಸುತ್ತವೆ. ಕೀಲಿನ ಜಾಗದಲ್ಲಿ ಮೋಟಾರು ಕೂರಿಸಿ ತೋಳನ್ನು ತಿರುಗಿಸುತ್ತವೆ. ತೋಳು ಚೆನ್ನಾಗಿಯೇ ಆಡುತ್ತದೆ, ಸ್ನಾಯು ಎಂಬ ವಿಚಾರ ಮಾತ್ರ ಮಾಯವಾಗುತ್ತದೆ. ಮೋಟಾರು ಎರಡೂ ಕಡೆ ತಿರುಗಬಲ್ಲದು. ಸ್ನಾಯು ಎಳೆಯಬಲ್ಲದು ಅಷ್ಟೆ, ತಳ್ಳಲಾರದು. ಅದಕ್ಕಾಗಿಯೇ ತೋಳಿನ ಮುಂದೊಂದು ಸ್ನಾಯು, ಹಿಂದೊಂದು ಸ್ನಾಯು; ಒಂದು ಬಿಗಿದಾಗ ಇನ್ನೊಂದು ಸಡಿಲ. ಆದ್ದರಿಂದ ಮೋಟಾರುಗಳನ್ನು ಭುಜದ ಕಡೆಗೆ ಇಟ್ಟು, ಎರಡು ದಾರಗಳಿಂದ ಮುಂಗೈಯನ್ನು ಎಳೆಸಿ. ಮುಂದಿನ ದಾರವನ್ನು ಕೀಲಿನಿಂದ 4 ಸೆಂಟಿಮೀಟರ್ ದೂರದಲ್ಲಿ ಕಟ್ಟಿಸಿ. ನಮ್ಮ ತೋಳಿನಲ್ಲೂ ಸ್ನಾಯು ಮೂಳೆಗೆ ಹಿಡಿದುಕೊಂಡಿರುವುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಅಂಗೈ 32 ಸೆಂಟಿಮೀಟರ್ ದೂರದಲ್ಲಿದ್ದರೆ ಒಂದು ಕಿಲೋ ಭಾರ ಎತ್ತಲು ಎಂಟು ಕಿಲೋ ಭಾರಕ್ಕೆ ಸಮನಾದ ಎಳೆತ ಬೇಕು. ಇದೆಂಥ ನಷ್ಟದ ಏರ್ಪಾಡು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ದಾರ ಒಂದು ಸೆಂಟಿಮೀಟರ್ ಎಳೆದಾಗ ಅಂಗೈ ಎಷ್ಟು ಚಲಿಸಿತು ಎಂದು ಅವರಿಂದಲೇ ಅಳೆಸಿ. ಬಲದಲ್ಲಿ ಕಳೆದುಕೊಂಡದ್ದನ್ನು ದೇಹ ವೇಗದಲ್ಲಿ ಪಡೆದಿದೆ. ಬೌಲರ್ ಚೆಂಡು ಎಸೆಯುವುದೂ, ನಾವು ಕಣ್ಣಿಗೆ ಬೀಳುವ ನುಸಿಯನ್ನು ಥಟ್ಟನೆ ಓಡಿಸುವುದೂ ಅದರಿಂದಲೇ ಸಾಧ್ಯ. ಮೂಳೆಗಳನ್ನು ಸನ್ನೆಕೋಲುಗಳೆಂದು ಲೆಕ್ಕ ಹಾಕಿದ ಇಟಲಿಯ ಬೊರೆಲ್ಲಿ 17ನೆಯ ಶತಮಾನದವನು. ಅವನು ಕಂಡದ್ದನ್ನು ಧಾರಾವಿಯ ಏಳನೆಯ ತರಗತಿಯ ಹುಡುಗಿ ರಟ್ಟಿನ ತೋಳಿನಲ್ಲಿ ಕಾಣಬಹುದು.

ಇನ್ನು ಹೃದಯ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ಎಣಿಸುವುದರಿಂದಲೇ ಇಲ್ಲೂ ಆರಂಭ. ವಿಶ್ರಾಂತಿಯಲ್ಲಿರುವ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಸುಮಾರು 70 ಮಿಲಿಲೀಟರ್ ರಕ್ತ ಹೊರದೂಡುತ್ತದೆ. ಗುಣಿಸಿದರೆ ನಿಮಿಷಕ್ಕೆ ಐದು ಲೀಟರಿಗೆ ತುಸು ಕಡಿಮೆ. ಮೈಯಲ್ಲಿರುವ ಒಟ್ಟು ರಕ್ತವೂ ಸುಮಾರು ಐದೇ ಲೀಟರ್. ಹಾಗಾದರೆ ಹೊರಟ ರಕ್ತ ಎಲ್ಲಿಗೆ ಹೋಯಿತು? ತಿಂದ ಅನ್ನದಿಂದ ಯಕೃತ್ತು ಹೊಸ ರಕ್ತ ಮಾಡುತ್ತಲೇ ಇರುತ್ತದೆ, ಮೈ ಅದನ್ನು ಖರ್ಚು ಮಾಡುತ್ತಲೇ ಇರುತ್ತದೆ ಎಂದು ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಇದೇ ಬಗೆಯ ಗುಣಾಕಾರದಿಂದ ವಿಲಿಯಂ ಹಾರ್ವೆ 1628ರಲ್ಲಿ ಆ ನಂಬಿಕೆಯನ್ನು ಮುರಿದ. ರಕ್ತ ಸುತ್ತಿ ಬರುತ್ತದೆ, ಬೇರೆ ದಾರಿಯೇ ಇಲ್ಲ. ಮಕ್ಕಳು ಈ ಗುಣಾಕಾರವನ್ನು ಬೋರ್ಡಿನ ಮೇಲೆ ಮಾಡಿ ಮುಗಿಸಿದ ಮೇಲಷ್ಟೇ ಐದು ವೋಲ್ಟಿನ ಪುಟ್ಟ ನೀರಿನ ಪಂಪು, ಬಳಸದ ಸಲೈನ್ ನಳಿಕೆ, ಕುಂಕುಮ ಬಣ್ಣದ ನೀರು ಹೊರಬರಲಿ. ಪ್ರೋಗ್ರಾಂ ಬರೆದು ಪಂಪನ್ನು ಬಡಿತಬಡಿತವಾಗಿ ಓಡಿಸಿದರೆ, ನಿಂತಾಗಲೆಲ್ಲ ನೀರು ಹಿಂದಕ್ಕೆ ಇಳಿಯುತ್ತದೆ. ಬಲೂನಿನ ರಬ್ಬರ್ ಕತ್ತರಿಸಿ ಒಂದು ಕವಾಟ ಮಾಡಿ ಕೂರಿಸಿದರೆ ಆ ಇಳಿತ ನಿಲ್ಲುತ್ತದೆ. ಹೃದಯದಲ್ಲಿ ಕವಾಟ ಯಾಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನಾವು ಕೂತಿರುವ ಈ ಊರಿನಲ್ಲೇ ಇನ್ನೊಂದು ದೊಡ್ಡ ಪಾಠವಿದೆ. ಸಯನ್ ಆಸ್ಪತ್ರೆ ಎಂದು ನಾವೆಲ್ಲ ಕರೆಯುವ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ತಾಯಿಹಾಲಿನ ಬ್ಯಾಂಕ್ ತೆರೆದರು. ಏಷ್ಯಾದಲ್ಲಿ ಅಂಥದ್ದು ಅದೇ ಮೊದಲು. ಆ ಹಾಲು ಹೆಚ್ಚಾಗಿ ಬೇಕಾಗುವುದು ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ. ಅಂಥ ಕೂಸಿಗೆ ತನ್ನ ಮೈ ಬಿಸಿಯನ್ನು ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಇಂಥ ಕೂಸುಗಳನ್ನು ನೋಡಿಕೊಳ್ಳುವ ವಾರ್ಡುಗಳಲ್ಲಿ ಇನ್‌ಕ್ಯುಬೇಟರ್ ಇರುತ್ತದೆ. ಕೂಸಿನ ಹೊಟ್ಟೆಯ ಚರ್ಮಕ್ಕೆ ಅಂಟಿಸಿದ ಸೆನ್ಸರ್ ತಾಪ ಅಳೆಯುತ್ತದೆ, 36.5 ಡಿಗ್ರಿಯ ಆಸುಪಾಸಿನಿಂದ ಇಳಿದರೆ ಹೀಟರ್ ಏರುತ್ತದೆ, ಹೆಚ್ಚಿದರೆ ತಗ್ಗುತ್ತದೆ. ಇದನ್ನೇ ಮಕ್ಕಳು ರಟ್ಟಿನ ಪೆಟ್ಟಿಗೆ, ಬಲ್ಬು, ತಾಪದ ಸೆನ್ಸರಿನಿಂದ ಮಾಡಬಹುದು. ಮಾಡಿದಾಗ ತಾಪ ಹೇಳಿದ ಅಂಕಿಗೆ ನೆಟ್ಟಗೆ ನಿಲ್ಲುವುದಿಲ್ಲ. ಸ್ವಲ್ಪ ಮೀರುತ್ತದೆ, ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ. ಆ ಏರಿಳಿತವನ್ನು ಗ್ರಾಫಿನ ಮೇಲೆ ಬರೆಸಿ. ಮೇ ತಿಂಗಳ ಮುಂಬೈಯಲ್ಲಿ ಬೆವರುತ್ತ, ಮಾಥೇರಾನಿನ ಡಿಸೆಂಬರ್ ಚಳಿಯಲ್ಲಿ ನಡುಗುತ್ತ ತಮ್ಮ ಮೈ ಇಂಥದೇ ಕೆಲಸವನ್ನು ಎಷ್ಟು ನಯವಾಗಿ ಮಾಡುತ್ತದೆ ಎಂಬುದು ಆಗ ಅವರಿಗೆ ಹೊಳೆಯುತ್ತದೆ. ಯಂತ್ರ ಕೂಸಿಗೆ ಬಿಸಿ ಕೊಡಬಲ್ಲದು, ಹಾಲನ್ನು ಮಾತ್ರ ಇನ್ನೊಬ್ಬ ತಾಯಿಯ ಮೈ ಕೊಡಬೇಕು. ಆ ಹಾಲಿನಲ್ಲಿರುವ ರೋಗನಿರೋಧಕ ಅಂಶಗಳನ್ನು ಯಾವ ಮೋಟಾರೂ ತಯಾರಿಸದು. ದೇಹ ಒಂದು ಯಂತ್ರ ಎಂದು ಹೇಳಿಕೊಡುವ ಅಧ್ಯಾಪಕರು ಈ ಮಾತನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಮುರಿದ ರಟ್ಟಿನ ಬೆರಳು ಮುರಿದೇ ಇರುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ.

ಆದ್ದರಿಂದ ಎಲ್ಲವನ್ನೂ ರೋಬೋಟಿನಿಂದಲೇ ಕಲಿಸುವ ಹಟ ಬೇಡ. ಚಲನೆ, ರಕ್ತಪರಿಚಲನೆ, ಉಸಿರಾಟ, ಸಂವೇದನೆ ಇವಕ್ಕೆ ಅದು ಒಗ್ಗುತ್ತದೆ. ಜೀರ್ಣಕ್ರಿಯೆ ಮುಖ್ಯವಾಗಿ ರಸಾಯನ. ಕನ್ವೇಯರ್ ಬೆಲ್ಟಿನ ಮೇಲೆ ಚೆಂಡು ಉರುಳಿಸಿ ಅದನ್ನು ತೋರಿಸುವುದಕ್ಕಿಂತ, ಅನ್ನವನ್ನು ಚೆನ್ನಾಗಿ ಅಗಿದು ಸಿಹಿಯಾಗುವುದನ್ನು ಗಮನಿಸುವುದು ಮೇಲು. ಸಂತಾನೋತ್ಪತ್ತಿಯ ಪಾಠವಂತೂ ಮಾತನಾಡಿಯೇ ಕಲಿಸಬೇಕಾದದ್ದು. ಲ್ಯಾಬಿಗೆ ಅವಧಿ ಬೇಕೆಂಬ ನೆಪದಲ್ಲಿ ಆ ಅಧ್ಯಾಯವನ್ನು ಹಾರಿಸುವುದನ್ನು, ಹೆಣ್ಣುಮಕ್ಕಳಿಗೆ ಮುಟ್ಟಿನ ಬಗ್ಗೆ ಹೇಳಬೇಕಾದ ದಿನ ಮೋಟಾರು ತಿರುಗಿಸುತ್ತ ಕೂರುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ನಮ್ಮ ಕನ್ನಡ ಮಕ್ಕಳ ಮಾತಿಗೆ ಬರುತ್ತೇನೆ. ಮುಂಬೈ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಅಲ್ಲಿ ಓದುವವರು ಬಹುಪಾಲು ದುಡಿಯುವವರ ಮಕ್ಕಳು. ಅವರಿಗೆ ಈ ಕಲಿಕೆ ದುಬಾರಿ ಎನ್ನುವುದು ತಪ್ಪು. ಸಣ್ಣ ಸರ್ವೋ ಮೋಟಾರು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಒಂದು ಚಿತ್ರಾನ್ನ-ಕಾಫಿಯ ಖರ್ಚಿನಲ್ಲಿ ಸಿಗುತ್ತದೆ. ಹಳೆಯ ಆಟಿಕೆಗಳ ಮೋಟಾರು, ಗಿಯರು, ಸ್ಪ್ರಿಂಗುಗಳಿಗೆ ಧಾರಾವಿಯ ಗುಜರಿಗಿಂತ ದೊಡ್ಡ ಭಂಡಾರ ಎಲ್ಲಿದೆ? ಸಯನ್-ಟ್ರಾಂಬೆ ರಸ್ತೆಯಲ್ಲಿ ಮಾನ್‌ಖುರ್ದ್‌ವರೆಗೆ ಹೋದರೆ 1974ರಿಂದ ಶಾಲಾ ವಿಜ್ಞಾನಕ್ಕಾಗಿಯೇ ದುಡಿಯುತ್ತಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಹೋಗಿ ಕದ ತಟ್ಟೋಣ. ಭಾಷೆಯ ಬಗ್ಗೆಯೂ ಒಂದು ಮಾತು: ಮುಂಗೈ ಯಾಕೆ ಸರಿದಾಡುತ್ತದೆ ಎಂಬುದನ್ನು ಮಗು ಮನೆಗೆ ಹೋಗಿ ಅವ್ವನಿಗೆ ಅವಳ ಮಾತಿನಲ್ಲೇ ವಿವರಿಸುವಂತಾಗಬೇಕು. ಸರ್ವೋ, ಸೆನ್ಸರ್ ಎಂಬ ಮಾತುಗಳು ಹಾಗೆಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ.

ಈ ನಗರದಲ್ಲಿ ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆ ಕಟ್ಟಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಆ ಕೆಲಸಕ್ಕೆ ಹೆಗಲು ಕೊಟ್ಟಿತು. ಮಾಟುಂಗದಲ್ಲಿ, ಮಾಹಿಮ್‌ನಲ್ಲಿ, ವಡಾಲದಲ್ಲಿ, ಇಲ್ಲಿ ಸಯನ್‌ನಲ್ಲಿ ನಮ್ಮವರ ಸಭಾಗೃಹಗಳಿವೆ. ಮದುವೆ, ಯಕ್ಷಗಾನ, ಸನ್ಮಾನಗಳಿಗೆ ತೆರೆಯುವ ಬಾಗಿಲನ್ನು ಶನಿವಾರದ ಮಧ್ಯಾಹ್ನ ಈ ಮಕ್ಕಳಿಗೂ ತೆರೆಯಬೇಕೆಂದು ಇಲ್ಲಿ ಕೂತಿರುವ ಸಂಘಗಳ ಪದಾಧಿಕಾರಿಗಳನ್ನು ಕೈಮುಗಿದು ಕೇಳುತ್ತೇನೆ. ಒಂದು ಕೋಣೆ, ಎರಡು ಉದ್ದನೆಯ ಮೇಜು, ಬೀಗವಿರುವ ಒಂದು ಕಪಾಟು ಸಾಕು. ಎಂಜಿನಿಯರಿಂಗ್, ವೈದ್ಯಕೀಯ ಓದುತ್ತಿರುವ ನಿಮ್ಮ ಮನೆಯ ಹುಡುಗ ಹುಡುಗಿಯರನ್ನು ತಿಂಗಳಿಗೊಂದು ಶನಿವಾರ ಕಳಿಸಿಕೊಡಿ. ಊಟದ ನಂತರದ ಗೋಷ್ಠಿಯಲ್ಲಿ ರಟ್ಟಿನ ಕೈ ಮಾಡುವುದನ್ನು ಶಿಕ್ಷಕರೆಲ್ಲ ಸ್ವತಃ ಮಾಡಿಯೇ ಕಲಿಯುತ್ತೇವೆ. ಕತ್ತರಿ, ದಾರ, ಸ್ಟ್ರಾ ಮೇಜಿನ ಮೇಲಿವೆ. ಕೋಣೆ ಕೊಡಬಲ್ಲ ಸಂಘಗಳು ಸಂಜೆಯೊಳಗೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬೇಕು.