ಚೆಂಡು ಒಂದೇ, ಕೈ ಹತ್ತು



ಶಾಲೆಯ ಪಂದ್ಯ ಮುಗಿಸಿ ಮನೆಗೆ ಬಂದ ಮಗನನ್ನೋ ಮಗಳನ್ನೋ ನಾವು ಮೊದಲು ಕೇಳುವುದು, ‘ಎಷ್ಟು ಪಾಯಿಂಟ್ ಹೊಡೆದೆ?’ ಅಂತ. ಯಾವ ಜಾಗದಲ್ಲಿ ಆಡಿಸಿದರು, ಪಾಸ್ ಕೊಟ್ಟವರು ಯಾರು, ಎಷ್ಟು ಹೊತ್ತು ಬೆಂಚಿನ ಮೇಲೆ ಕೂರಿಸಿದ್ದರು ಅಂತ ಕೇಳುವ ತಂದೆ-ತಾಯಿ ಅಪರೂಪ. ಬಾಸ್ಕೆಟ್‌ಬಾಲ್ ಮಟ್ಟಿಗೆ ಮೊದಲ ಪ್ರಶ್ನೆಯ ಉತ್ತರ ಬಹುಪಾಲು ಈ ಕೇಳದೇ ಬಿಟ್ಟ ಪ್ರಶ್ನೆಗಳಲ್ಲೇ ಇರುತ್ತದೆ. ಹಾಗಂತ ನನಗೆ ಮನದಟ್ಟಾಗಿದ್ದು ಜೆರೆಮಿ ಲಿನ್ ಎಂಬ ಅಮೆರಿಕದ ಆಟಗಾರನಿಂದ.

ಲಿನ್‌ನ ತಂದೆ-ತಾಯಿ ತೈವಾನ್‌ನಿಂದ ಅಮೆರಿಕಕ್ಕೆ ಹೋದವರು. ಹುಡುಗ ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿದ, ಕಾಲೇಜು ತಂಡಕ್ಕೆ ಚೆನ್ನಾಗಿಯೇ ಆಡಿದ. ಆದರೆ 2010ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸಿಕೊಳ್ಳುವಾಗ ಯಾರೂ ಅವನ ಹೆಸರೆತ್ತಲಿಲ್ಲ. ಆಮೇಲೆ ಗೋಲ್ಡನ್ ಸ್ಟೇಟ್ ತಂಡ ಸೇರಿಸಿಕೊಂಡಿತು. ಮೊದಲ ವರ್ಷ ಅವನ ಸರಾಸರಿ ಪಂದ್ಯಕ್ಕೆ 2.6 ಅಂಕ. 2011ರ ಡಿಸೆಂಬರ್ ಒಂದೇ ತಿಂಗಳಲ್ಲಿ ಗೋಲ್ಡನ್ ಸ್ಟೇಟ್ ಕೈಬಿಟ್ಟಿತು, ಎತ್ತಿಕೊಂಡ ಹ್ಯೂಸ್ಟನ್ ಕೂಡ ಕೈಬಿಟ್ಟಿತು. ತನ್ನ ಗಾರ್ಡ್‌ಗಳು, ಅಂದರೆ ಚೆಂಡು ನಡೆಸುವ ಆಟಗಾರರು, ಗಾಯಗೊಂಡಿದ್ದರಿಂದ ನ್ಯೂಯಾರ್ಕ್ ನಿಕ್ಸ್ ಕರೆಯಿತು. ಕೆಲಸ ಉಳಿಯುವ ಖಾತ್ರಿ ಇಲ್ಲದ್ದಕ್ಕೆ ಮನೆ ಮಾಡಲಿಲ್ಲ, ಅಣ್ಣನ ಸೋಫಾದ ಮೇಲೆ ಮಲಗುತ್ತಿದ್ದ.

2012ರ ಫೆಬ್ರವರಿ 4. ನ್ಯೂಜೆರ್ಸಿ ನೆಟ್ಸ್ ಎದುರು ಬೆಂಚಿನಿಂದೆದ್ದು ಬಂದ ಲಿನ್ 25 ಅಂಕ ಹೊಡೆದ. ಒಂದು ವಾರ ಕಳೆಯುವುದರೊಳಗೆ ಕೋಬಿ ಬ್ರಯಂಟ್‌ನ ಲೇಕರ್ಸ್ ವಿರುದ್ಧ 38. ಸೋಲುತ್ತಲೇ ಇದ್ದ ನಿಕ್ಸ್ ಸತತ ಏಳು ಪಂದ್ಯ ಗೆದ್ದಿತು. ಪತ್ರಿಕೆಗಳು ಪವಾಡ ಎಂದವು.

ಪವಾಡವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಗ ಕೋಚ್ ಆಗಿದ್ದ ಮೈಕ್ ಡಿ’ಆಂಟೋನಿ ಹಿಂದೆ ಫೀನಿಕ್ಸ್‌ನಲ್ಲಿ ಸ್ಟೀವ್ ನ್ಯಾಶ್‌ನನ್ನು ಮುಂದಿಟ್ಟುಕೊಂಡು ಒಂದು ವೇಗದ ಆಟ ಕಟ್ಟಿದ್ದವರು. ಅದರ ಜೀವಾಳ ಪಿಕ್ ಅಂಡ್ ರೋಲ್. ಲಿನ್ ಚೆಂಡು ಪುಟಿಸುತ್ತ ಬರುತ್ತಾನೆ. ಏಳಡಿ ಎತ್ತರದ ಟೈಸನ್ ಚಾಂಡ್ಲರ್ ಬಂದು, ಲಿನ್‌ನನ್ನು ಕಾಯುತ್ತಿರುವ ಎದುರಾಳಿಯ ದಾರಿಗೆ ಅಡ್ಡ ನಿಲ್ಲುತ್ತಾನೆ. ಆ ಒಂದು ಕ್ಷಣದಲ್ಲಿ ಲಿನ್ ನುಗ್ಗುತ್ತಾನೆ, ಚಾಂಡ್ಲರ್ ತಿರುಗಿ ಬಾಸ್ಕೆಟ್ ಕಡೆ ಓಡುತ್ತಾನೆ. ರಕ್ಷಣೆಯವರು ಲಿನ್‌ನನ್ನು ತಡೆದರೆ ಚಾಂಡ್ಲರ್‌ಗೆ ಎತ್ತರದ ಪಾಸ್. ಚಾಂಡ್ಲರ್‌ನನ್ನು ಹಿಡಿದರೆ ಲಿನ್‌ಗೆ ದಾರಿ ಸಲೀಸು. ಇಬ್ಬರನ್ನೂ ಮುತ್ತಿದರೆ ಮೂಲೆಯಲ್ಲಿ ಸ್ಟೀವ್ ನೋವಾಕ್ ಒಂಟಿಯಾಗಿ ನಿಂತಿರುತ್ತಾನೆ, ಮೂರಂಕದ ಎಸೆತಕ್ಕೆ. ಈ ನೋವಾಕ್ ಕೂಡ ಊರೂರು ಅಲೆದು ಬಂದವನೇ. ಮೂರಂಕದ ಎಸೆತದ ಯಶಸ್ಸಿನಲ್ಲಿ ಆ ವರ್ಷ ಇಡೀ ಲೀಗಿಗೆ ಅವನೇ ಮೊದಲಿಗ, ನೂರಕ್ಕೆ 47ರ ಮೇಲೆ. ಯಕ್ಷಗಾನದಲ್ಲಿ ಭಾಗವತರು, ಮದ್ದಳೆಯವರು ಹೊಂದಿಕೊಂಡ ರಾತ್ರಿ ಪುಂಡುವೇಷದ ಹುಡುಗನ ಕಾಲಿಗೆ ಬೇರೆಯೇ ಶಕ್ತಿ ಬರುತ್ತದಲ್ಲ, ಅಂಥದ್ದು ಇದು.

ಇನ್ನೊಂದು ಸಂಗತಿ ಇದೆ. ಆ ಗೆಲುವಿನ ಸಾಲಿನ ಬಹುಪಾಲು ಪಂದ್ಯಗಳಲ್ಲಿ ತಂಡದ ದೊಡ್ಡ ತಾರೆ ಕಾರ್ಮೆಲೋ ಆಂಟನಿ ಗಾಯಗೊಂಡು ಹೊರಗಿದ್ದ. ಇನ್ನೊಬ್ಬ ತಾರೆ ಅಮಾರೆ ಸ್ಟೌಡೆಮೈರ್ ಅಣ್ಣನ ಸಾವಿನಿಂದಾಗಿ ಕೆಲವು ಪಂದ್ಯ ಆಡಲಿಲ್ಲ. ಚೆಂಡು ಲಿನ್ ಕೈಯಲ್ಲೇ ಉಳಿಯಿತು. ಆಂಟನಿ ಮರಳಿದ ಮೇಲೆ ಹಂಚಿಕೆ ಬದಲಾಯಿತು, ಮಾರ್ಚ್‌ನಲ್ಲಿ ಡಿ’ಆಂಟೋನಿ ಕೆಲಸ ಬಿಟ್ಟರು. ಹೊಸ ಕೋಚ್ ಮೈಕ್ ವುಡ್ಸನ್ ಆಂಟನಿಯ ಒಂಟಿ ಆಟವನ್ನು ನೆಚ್ಚಿದರು. ಲಿನ್ ಅಭಿಮಾನಿಗಳು ಇದಕ್ಕೆಲ್ಲ ಆಂಟನಿಯನ್ನು ಬೈಯುವುದುಂಟು. ನನಗದು ಸರಿ ಕಾಣುವುದಿಲ್ಲ. ವುಡ್ಸನ್ ಕೈಕೆಳಗೆ ತಂಡ 24ರಲ್ಲಿ 18 ಪಂದ್ಯ ಗೆದ್ದಿತು. ಅಷ್ಟಕ್ಕೂ ನೆಟ್ಸ್ ಪಂದ್ಯದ ವಿರಾಮದಲ್ಲಿ ‘ಈ ಹುಡುಗನನ್ನೇ ಹೆಚ್ಚು ಆಡಿಸಿ’ ಎಂದು ಕೋಚ್‌ಗೆ ಸೂಚಿಸಿದ್ದು ಆಂಟನಿಯೇ ಎಂದು ವರದಿಯಾಗಿತ್ತು.

ಮಂಡಿ ನೋವಿನಿಂದ ಲಿನ್‌ನ ಆ ವರ್ಷದ ಆಟ ಮುಗಿಯಿತು. ಬೇಸಿಗೆಯಲ್ಲಿ ಅದೇ ಹ್ಯೂಸ್ಟನ್ ದೊಡ್ಡ ಮೊತ್ತ ಕೊಟ್ಟು ಕರೆಸಿಕೊಂಡಿತು, ತಂಡದ ಮುಖವೇ ನೀನು ಎಂಬಂತೆ. ಆದರೆ ಅಕ್ಟೋಬರ್ ಕೊನೆಯಲ್ಲಿ, ಇನ್ನೇನು ಪಂದ್ಯಗಳು ಶುರುವಾಗಬೇಕು ಅನ್ನುವಾಗ, ಒಕ್ಲಹೋಮ ಸಿಟಿಯಿಂದ ಜೇಮ್ಸ್ ಹಾರ್ಡನ್ ಬಂದ.

ಹಾರ್ಡನ್‌ನದು ಇದೇ ಕಥೆಯ ಮಗ್ಗುಲು. ಒಕ್ಲಹೋಮದಲ್ಲಿ ಕೆವಿನ್ ಡ್ಯುರಾಂಟ್, ರಸೆಲ್ ವೆಸ್ಟ್‌ಬ್ರೂಕ್ ಎಂಬ ಇಬ್ಬರು ತಾರೆಯರಿದ್ದರು. ಹಾಗಾಗಿ ಅವನ ಪಾತ್ರ ಬೆಂಚಿನಿಂದ ಬರುವ ಆರನೆಯವನದು. ಅದನ್ನೂ ಚೆನ್ನಾಗಿಯೇ ನಿಭಾಯಿಸಿ 2012ರಲ್ಲಿ ಅತ್ಯುತ್ತಮ ಆರನೇ ಆಟಗಾರ ಎನಿಸಿಕೊಂಡಿದ್ದ, ಸರಾಸರಿ 16.8 ಅಂಕ. ಹ್ಯೂಸ್ಟನ್‌ಗೆ ಬಂದ ಮೊದಲ ಪಂದ್ಯದಲ್ಲೇ 37, ಎರಡನೆಯದರಲ್ಲಿ 45. ವರ್ಷದ ಸರಾಸರಿ ಸುಮಾರು 26. ಒಕ್ಲಹೋಮದ ಕೊನೆಯ ಪಂದ್ಯಕ್ಕೂ ಇದಕ್ಕೂ ನಡುವಿನ ನಾಲ್ಕು ತಿಂಗಳಲ್ಲಿ ಅವನು ಹೊಸ ವಿದ್ಯೆಯೇನೂ ಕಲಿತಿರಲಿಲ್ಲ. ಚೆಂಡು ಕೈಗೆ ಬಂತು, ಅಷ್ಟೆ. ಪಕ್ಕದಲ್ಲೇ ಲಿನ್ ಎಲ್ಲ 82 ಪಂದ್ಯಗಳನ್ನೂ ಆಡಿ ಸರಾಸರಿ 13ರ ಆಸುಪಾಸಿನಲ್ಲಿದ್ದ. ಮರುವರ್ಷ ಬಹುಪಾಲು ಬೆಂಚಿಗೆ ಹೋದ. ಆಗ ‘ನ್ಯೂಯಾರ್ಕಿನದು ಅದೃಷ್ಟದಾಟ’ ಎಂದು ಷರಾ ಬರೆದವರು ಬಹಳ ಮಂದಿ. ಹಾಗೆ ನೋಡಿದರೆ ಎಷ್ಟೋ ಹುಡುಗರ ಬಗ್ಗೆ ನಮ್ಮೂರ ಅಂಗಳಗಳಲ್ಲೂ ಇಂಥ ಷರಾ ಬೇಗ ಬೀಳುತ್ತದೆ. ಉದ್ದ ಇದ್ದಾನೆಂದು ಬಾಸ್ಕೆಟ್ ಕೆಳಗೆ ನಿಲ್ಲಿಸಿದ ಹುಡುಗ, ಚೆಂಡು ಕೊಟ್ಟರೆ ಆಟವನ್ನೇ ನಡೆಸುವ ಜಾಣನೋ ಏನೋ, ಕೊಟ್ಟು ನೋಡಿದವರಿಲ್ಲ.

ಲಿನ್ ಆಮೇಲೆ ಹಲವು ತಂಡ ತಿರುಗಿದ. 2019ರಲ್ಲಿ ಟೊರಾಂಟೊ ಜತೆ ಎನ್‌ಬಿಎ ಚಾಂಪಿಯನ್ ಕೂಡ ಆದ. ಚಾಂಪಿಯನ್ನರಿಗೆ ಕೊಡುವ ಉಂಗುರ ಸಿಕ್ಕಿತು, ಆದರೆ ಫೈನಲ್ಸ್‌ನಲ್ಲಿ ಅವನು ಅಂಗಳಕ್ಕಿಳಿದದ್ದು ನಿಮಿಷದ ಲೆಕ್ಕಕ್ಕೂ ಸಾಲದಷ್ಟು. ಅಲ್ಲಿಂದ ಬೀಜಿಂಗ್‌ಗೆ ಹೋದ, ಕೊನೆಗೆ ತೈವಾನ್‌ನ ನ್ಯೂ ತೈಪೆ ಕಿಂಗ್ಸ್ ಸೇರಿದ. ಅಲ್ಲಿ ಚೆಂಡು ಮತ್ತೆ ಅವನ ಕೈಗೆ ಬಂತು, ತಂಡ 2024ರಲ್ಲಿ ಪ್ರಶಸ್ತಿ ಗೆದ್ದಿತು. ಆಗ ಅವನಿಗೆ 35 ವಯಸ್ಸು. ಅದೇ ತಂಡದಲ್ಲಿ ಇನ್ನೊಬ್ಬ ಗಾರ್ಡ್ ಇದ್ದ, ಜೋಸೆಫ್ ಲಿನ್ ಅಂತ, ಜೆರೆಮಿಯ ಸ್ವಂತ ತಮ್ಮ.