ಒಂದು ಅಪ್ಪಣೆ, ಎಂಟು ಕೆಲಸ
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಕೋಪರಖೈರಣೆಯಲ್ಲಿ ಮಾಥಾಡಿ ಕಾರ್ಮಿಕರ ವಸತಿಗಳಿರುವುದು ತಮಗೆಲ್ಲ ಗೊತ್ತು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವಾಗ ಎಂಟು ಜನರಿಗೆ ಎಂಟು ಬಾರಿ ಹೇಳಿದರೆ ಹೊತ್ತು ವ್ಯರ್ಥ. ಒಮ್ಮೆ ಕೂಗಿದರೆ ಎಂಟು ಮಂದಿಯೂ ಒಂದೊಂದು ಮೂಟೆ ಎತ್ತುತ್ತಾರೆ. ಕಂಪ್ಯೂಟರಿನ ಪ್ರೊಸೆಸರಿನಲ್ಲಿಯೂ ಇಂತಹ ಅಪ್ಪಣೆಗಳುಂಟು.

೧೯೯೭ರ ಜನವರಿಯಲ್ಲಿ ಇಂಟೆಲ್ ಕಂಪನಿಯು ತನ್ನ ಪೆಂಟಿಯಂ ಪ್ರೊಸೆಸರಿಗೆ ೫೭ ಹೊಸ ಅಪ್ಪಣೆಗಳನ್ನು ಸೇರಿಸಿ ಎಂಎಂಎಕ್ಸ್ ಎಂದು ಕರೆಯಿತು. ಎಂಟು ಸಣ್ಣ ಅಂಕಿಗಳನ್ನು ಸಾಲಾಗಿ ಇಟ್ಟು ಎಂಟನ್ನೂ ಒಂದೇ ಅಪ್ಪಣೆಯಿಂದ ಕೂಡಿಸುವುದು ಅದರಿಂದ ಸಾಧ್ಯವಾಯಿತು.

ಇದರ ಉಪಯೋಗವೇನು? ಮಬ್ಬಾದ ಫೋಟೋ ಒಂದನ್ನು ಬೆಳಗಿಸಬೇಕೆನ್ನೋಣ. ಕಪ್ಪು ಬಿಳುಪಿನ ಚಿತ್ರದಲ್ಲಿ ಪ್ರತಿ ಚುಕ್ಕೆಗೂ ಒಂದು ಅಂಕಿ. ೦ ಎಂದರೆ ಕಪ್ಪು, ೨೫೫ ಎಂದರೆ ಅಚ್ಚ ಬಿಳಿ. ಎಲ್ಲಕ್ಕೂ ೧೦ ಕೂಡಿಸಿದರೆ ಚಿತ್ರ ಬೆಳಗುತ್ತದೆ. ಆದರೆ ೨೫೦ಕ್ಕೆ ೧೦ ಸೇರಿದರೆ ೨೬೦. ಅದು ಆ ಜಾಗದಲ್ಲಿ ಹಿಡಿಸದು. ಎಣಿಕೆ ಮೊದಲಿಗೆ ತಿರುಗಿ ೪ ಆಗುತ್ತದೆ. ಬಿಳಿಯ ಅಂಗಿಯ ಮೇಲೆ ಕಪ್ಪು ಕಲೆ! ಎಂಎಂಎಕ್ಸಿನಲ್ಲಿ ೨೫೫ಕ್ಕೆ ತಾನಾಗಿಯೇ ನಿಲ್ಲುವ ಕೂಡಿಕೆಯೂ ಇದೆ.

೧೯೯೯ರಲ್ಲಿ ಪೆಂಟಿಯಂ ೩ರೊಡನೆ ಎಸ್‌ಎಸ್‌ಇ ಬಂದಿತು. ಎರಡು ಚಿತ್ರಗಳ ಚುಕ್ಕೆಗಳನ್ನು ಹೋಲಿಸಿ ವ್ಯತ್ಯಾಸಗಳ ಮೊತ್ತವನ್ನು ಒಮ್ಮೆಗೇ ಹೇಳುವ ಅಪ್ಪಣೆ ಅದರಲ್ಲಿದೆ. ಹಿಂದಿನ ಚಿತ್ರಕ್ಕಿಂತ ಬದಲಾದಷ್ಟನ್ನೇ ಕಳುಹಿಸುವುದು ವಿಡಿಯೋದ ಗುಟ್ಟು. ಊರಿನಲ್ಲಿರುವ ತಾಯಿಯ ಮುಖ ನೋಡುತ್ತ ಮಾತನಾಡುವುದಕ್ಕೆ ಇಂತಹ ಲೆಕ್ಕವೇ ಆಧಾರ. ಫೋನುಗಳ ಆರ್ಮ್ ಪ್ರೊಸೆಸರುಗಳಲ್ಲಿ ನಿಯಾನ್ ಎಂಬ ಇದೇ ಬಗೆಯ ಏರ್ಪಾಡಿದೆ. ವಿಡಿಯೋ ಕೆಲಸಕ್ಕೆಂದೇ ಬೇರೆ ಭಾಗವಿರುವ ಯಂತ್ರಗಳೂ ಇಂದು ಹಲವು.

ಎಲ್ಲ ಕೆಲಸಕ್ಕೂ ಇದು ಒದಗದು. ಪತ್ರ ಬೆರಳಚ್ಚು ಮಾಡುವ ಗುಮಾಸ್ತರಿಗೆ ಇದರಿಂದ ಹೆಚ್ಚಿನ ಲಾಭ ಕಾಣದು. ಪ್ರೋಗ್ರಾಮ್ ಬರೆದವರು ಈ ಅಪ್ಪಣೆಗಳನ್ನು ಬಳಸದಿದ್ದರೆ ಎಂಟು ಆಳುಗಳಿದ್ದರೂ ಏಳು ಮಂದಿ ಕುಳಿತೇ ಇರುತ್ತಾರೆ.

ಮಕ್ಕಳ ಓದಿಗೆಂದು ಹಳೆಯ ಕಂಪ್ಯೂಟರ್ ಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು. ಅಂಗಡಿಯವರು ಮೆಮರಿ ಎಷ್ಟೆಂದು ಹೇಳುತ್ತಾರೆ. ಅಪ್ಪಣೆಗಳ ಸುದ್ದಿ ಎತ್ತುವುದಿಲ್ಲ. ೨೦೨೧ರಿಂದ ಇಂತಹ ಕಂಪ್ಯೂಟರುಗಳಲ್ಲಿ ಕ್ರೋಮ್ ಬ್ರೌಸರಿಗೆ ಎಸ್‌ಎಸ್‌ಇ ೩ ಬೇಕು. ವಿಂಡೋಸ್ ೧೦ಕ್ಕೆ ಇದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ೨೦೨೪ರ ಆವೃತ್ತಿಯಿಂದ ವಿಂಡೋಸ್ ೧೧ಕ್ಕೆ, ಬೇರೆ ನಿಬಂಧನೆಗಳ ಜೊತೆಗೆ, ಎಸ್‌ಎಸ್‌ಇ ೪.೨ ಸಹ ಇರಲೇಬೇಕು. ಹಳೆಯ ಕೋರ್ ೨ ಡ್ಯುಯೋದಲ್ಲಿ ಅದಿಲ್ಲ. ಮೆಮರಿಯನ್ನು ಹೆಚ್ಚಿಸಬಹುದು, ಡಿಸ್ಕನ್ನು ಬದಲಿಸಬಹುದು. ಪ್ರೊಸೆಸರಿನಲ್ಲಿ ಇಲ್ಲದ ಅಪ್ಪಣೆಯನ್ನು ಹಣ ಕೊಟ್ಟರೂ ಅದಕ್ಕೆ ಸೇರಿಸಲಾಗದು.

ಸಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಮನ್ನು ತೆರೆದರೆ ‘ಇನ್‌ಸ್ಟ್ರಕ್ಷನ್ಸ್’ ಎಂಬ ಸಾಲಿನಲ್ಲಿ ಈ ಹೆಸರುಗಳು ಕಾಣುತ್ತವೆ. ಮುಂಗಡ ಕೊಡುವ ಮೊದಲು ಆ ಸಾಲನ್ನು ತೋರಿಸಿರೆಂದು ಕೇಳಿರಿ. ಕೇಳುವುದಕ್ಕೆ ಖರ್ಚಿಲ್ಲ, ಕೇಳದೆ ಕೊಂಡರೆ ತಿಂಗಳ ಉಳಿತಾಯವೇ ಹೋದೀತು.